ಭಾವನ ಬೈಕಿನ ಸೆಲ್ಫು

ಭಾವನ ಬೈಕಿಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸು. ಆ ಕಾಲಕ್ಕೇ ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಸೆಲ್ಫ್ ಇದ್ದ ಗಾಡಿ ಎಂದು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಚಿತ್ರಕಲೆ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಹುಚ್ಚು ಅದೊಂದೇ. ಮೊಣಕಾಲಿನ ಆಪರೇಷನ್ ಆದಾಗಿನಿಂದ ಕಿಕ್ ಹೊಡೆಯುವಂತಿರಲಿಲ್ಲ. ಸೆಲ್ಫ್ ಹೊಡೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದು ಕೈಕೊಡಲು ಶುರುವಾದಾಗ ಗಾಡಿ ನನ್ನ ಗ್ಯಾರೇಜಿಗೆ ಬಂತು. ಅಕ್ಕನ ಗಂಡನ ಗಾಡಿಯನ್ನು ಬೇರೆಯವರ ಕೈಗೆ ಬಿಡುವುದುಂಟೇ? ಸ್ಟಾರ್ಟರ್ ಮೋಟಾರು ಬಿಚ್ಚಿ ನೋಡಿದರೆ ಒಳಗಿನ ಕಾರ್ಬನ್ ಬ್ರಷ್ಷು ಪೂರ್ತಿ ಸವೆದಿತ್ತು. ಹೊಸದು ಹಾಕಿ ಕೂಡಿಸಿದೆ. ಬಟನ್ ಒತ್ತಿದ ಕೂಡಲೇ ಎಂಜಿನ್ ಗುಡುಗಿತು. ಭಾವ ನನ್ನ ಬೆನ್ನು ತಟ್ಟಿ ಹೋದರು.

ವಾರ ತುಂಬುವ ಮೊದಲೇ ಫೋನು. ಮನೆಗೆ ಹೋಗಿ ನೋಡಿದರೆ ಅರ್ತ್ ವೈರಿನ ಬೋಲ್ಟು ಸಡಿಲ. ನಾನೇ ಬಿಗಿ ಮಾಡಿದ್ದ ಬೋಲ್ಟು. ಹಳೇ ಗಾಡಿ, ಅದುರಿ ಅದುರಿ ಸಡಿಲಾಗಿರಬೇಕು ಎಂದುಕೊಂಡೆ. ಮುಂದಿನ ಸಲ ಫ್ಯೂಸೇ ಇರಲಿಲ್ಲ. ಎದ್ದು ನಡೆದು ಹೋಗಲು ಫ್ಯೂಸಿಗೇನು ಕಾಲಿದೆಯೇ? ಗಾಡಿ ನಿಲ್ಲಿಸುವ ಹಿತ್ತಲ ಶೆಡ್ಡಿನ ಬೀಗ ಹಾಕಿದಂತೆಯೇ ಇತ್ತು. ನನಗೆ ಒಳಗೊಳಗೇ ಅಳುಕು ಹತ್ತಿಕೊಂಡಿತು. ಇವತ್ತು ಫ್ಯೂಸಿಗೆ ಕೈ ಹಾಕಿದವರು ನಾಳೆ ಬ್ರೇಕಿಗೆ ಹಾಕಲಾರರೇ? ನಿಮ್ಮನ್ನು ಕಂಡರೆ ಆಗದವರು ಯಾರಾದರೂ ಇದ್ದಾರಾ ಎಂದು ಭಾವನನ್ನು ಕೇಳಿದೆ. ತಮ್ಮ ಕೈಲಿ ಸೊನ್ನೆ ತಗೊಂಡ ಹುಡುಗರೆಲ್ಲ ಈಗ ಮೀಸೆ ಹೊತ್ತ ಗಂಡಸರು, ಯಾರ ಹೆಸರು ಹೇಳಲಿ ಎಂದು ನಕ್ಕುಬಿಟ್ಟರು.

ಮತ್ತೆ ಕೆಟ್ಟಾಗ ಗಾಡಿಯನ್ನು ಗ್ಯಾರೇಜಿಗೇ ತರಿಸಿದೆ. ಬ್ಯಾಟರಿ ಸರಿಯಿತ್ತು, ಮೋಟಾರು ಸರಿಯಿತ್ತು. ಮೋಟಾರಿಗೆ ಕರೆಂಟು ಬಿಡುವ ರಿಲೇಗೆ ಹೋಗುವ ವೈರಿನ ತುದಿ ಬಿಚ್ಚಿದಾಗ ಅದು ಗಾಜಿನಂತೆ ಹೊಳೆಯಿತು. ಉಗುರಿನಿಂದ ಕೆರೆದೆ. ತೆಳ್ಳನೆಯ ಪೊರೆ ಎದ್ದು ಬಂತು. ಬಣ್ಣವಿಲ್ಲದ ನೈಲ್ ಪಾಲಿಶ್. ಅದನ್ನು ಬಳಿದ ಮೇಲೆ ಕರೆಂಟು ದಾಟುವುದಿಲ್ಲ.

ನನ್ನಕ್ಕ ಬಟ್ಟೆ ಹೊಲಿಯುವವಳು. ಅಂಗಿ ಗುಂಡಿಯ ದಾರ ಬಿಚ್ಚಿಕೊಳ್ಳದಿರಲೆಂದು ಗಂಟಿನ ಮೇಲೆ ಅದನ್ನೇ ಒಂದು ತೊಟ್ಟು ಹಚ್ಚುತ್ತಾಳೆ. ಸ್ಪ್ಯಾನರ್ ಕೆಳಗಿಟ್ಟು, ಆ ವೈರಿನ ತುದಿಯನ್ನು ಕತ್ತರಿಸಿಕೊಂಡೆ.

ಮಧ್ಯಾಹ್ನ ಭಾವ ಮಲಗಿದ್ದಾಗ ಹೋಗಿ, ಆ ವೈರಿನ ತುಂಡನ್ನು ಅವಳ ಹೊಲಿಗೆ ಮೆಷಿನ್ ಮೇಲಿಟ್ಟೆ. ಅವಳು ಕಾಲು ನಿಲ್ಲಿಸಲಿಲ್ಲ. ಹೊಲಿಯುತ್ತಿದ್ದ ಸಾಲು ಮುಗಿಸಿ, ದಾರ ಕತ್ತರಿಸಿ, ಆಮೇಲೆ ತಲೆಯೆತ್ತಿದಳು.

"ಗಾಡಿ ಓಡಿಸ್ತಾ ಓಡಿಸ್ತಾನೇ ಎಲ್ಲೋ ಹೋಗ್ಬಿಡ್ತಾರೆ ಕಣೋ. ಕಣ್ಣು ಬಿಟ್ಕೊಂಡೇ ಇರ್ತಾರೆ, ಕೂಗಿದ್ರೆ ಕೇಳಲ್ಲ. ಹಿಂದೆ ಕೂತು ಎರಡು ಸಲ ನೋಡಿದೀನಿ."

ಡಾಕ್ಟರ ಹತ್ತಿರ ಹೋಗೋಣ ಎಂದರೆ ಬರುವುದಿಲ್ಲವಂತೆ. ಗಾಡಿ ಮಾರೋಣ ಎಂದರೆ ಊಟ ಬಿಡುತ್ತಾರಂತೆ. ಕೀ ಬಚ್ಚಿಟ್ಟರೆ ಮನೆ ತಲೆಕೆಳಗು ಮಾಡುತ್ತಾರಂತೆ.

"ನೀನು ಸರಿ ಮಾಡ್ತಾ ಹೋಗು, ನಾನು ಕೆಡಿಸ್ತಾ ಹೋಗ್ತೀನಿ," ಎಂದಳು.

ನಾನು ಸರಿ ಮಾಡಲಿಲ್ಲ. ಮೋಟಾರು ಸುಟ್ಟಿದೆ, ಈ ಮಾಡೆಲ್ಲಿನದು ಎಲ್ಲೂ ಸಿಗುತ್ತಿಲ್ಲ ಎಂದು ಭಾವನಿಗೆ ಹೇಳಿದೆ. ಅವರು ಜಗಳವಾಡಲಿಲ್ಲ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, ಹಾಗಾದರೆ ಗಾಡಿ ಮನೆಗೆ ತಂದುಬಿಡು ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಗಾಡಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದೆ.

ಭಾನುವಾರ ಬೆಳಗ್ಗೆ ಅಕ್ಕನ ಫೋನು. ಭಾವ ಪಕ್ಕದ ಮನೆಯ ಇಬ್ಬರನ್ನು ಕರೆದು, ಇಳಿಜಾರಿನಲ್ಲಿ ತಳ್ಳಿಸಿಕೊಂಡು, ಗೇರ್ ಹಾಕಿ ಸ್ಟಾರ್ಟ್ ಮಾಡಿಕೊಂಡು ಹೋಗಿಬಿಟ್ಟಿದ್ದರು.

ಸ್ಕೂಟರ್ ಹತ್ತಿ ಬೀದಿ ಬೀದಿ ಸುತ್ತಿದೆ. ಹಳೇ ಚಿತ್ರಮಂದಿರದ ತಿರುವಿನಲ್ಲಿ ಭಾವ ಎದುರಿಗೇ ನಡೆದು ಬರುತ್ತಿದ್ದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ನನ್ನನ್ನು ನೋಡಿ ನಕ್ಕು, ಬೆಳಗ್ಗೆ ಬೆಳಗ್ಗೆ ಎಲ್ಲಿಗೆ ಹೊರಟೆ ಎಂದು ಕೇಳಿದರು.

"ಗಾಡಿ ಎಲ್ಲಿ ಭಾವ?"

"ಶೆಡ್ಡಲ್ಲಿದೆಯಲ್ಲೋ. ನೀನೇ ತಾನೆ ಸುಟ್ಟಿದೆ ಅಂದಿದ್ದು?"

ಅವರನ್ನು ಮನೆಗೆ ಬಿಟ್ಟು, ಬಂದ ದಾರಿ ಹಿಡಿದು ಹುಡುಕಿದೆ. ಗಾಡಿ ಬಸ್‌ಸ್ಟಾಪಿನೊಳಗಿತ್ತು. ಸಿಮೆಂಟಿನ ಬೆಂಚು ನಡುವೆ ಮುರಿದು ಎರಡು ಹೋಳಾಗಿತ್ತು. ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಗಾಡಿ ನುಗ್ಗುವ ಸ್ವಲ್ಪ ಮುಂಚೆಯಷ್ಟೇ ಬಸ್ಸು ಹೋಗಿತ್ತು, ಅಲ್ಲಿಯವರೆಗೆ ಬೆಂಚಿನ ತುಂಬ ಜನ ಕೂತಿದ್ದರು ಎಂದು ಕಸ ಗುಡಿಸುವ ಹೆಂಗಸು ಹೇಳಿದಳು.

ಫೋನಿನಲ್ಲಿ ಎಷ್ಟು ಹೇಳಿದರೂ ಭಾವ ನಂಬಲಿಲ್ಲ. ಕೊನೆಗೆ ಅಕ್ಕ ಆಟೋದಲ್ಲಿ ಅವರನ್ನು ಅಲ್ಲಿಗೇ ಕರೆತಂದಳು. ಅವರು ಬೆಂಚಿನ ಬಿರುಕನ್ನು ಮುಟ್ಟಿ ನೋಡಿದರು. ಬಾಗಿದ ಚಕ್ರವನ್ನು ನೋಡಿದರು. ಹಾಗೇ ನೆಲದ ಮೇಲೆ ಕುಸಿದು ಕೂತರು.

"ನನಗೆ ಹೀಗಾಗುತ್ತೆ ಅಂತ ಒಂದು ಮಾತು ಹೇಳಬಾರದಿತ್ತಾ ನೀನು?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. "ಹೇಳಿದೀನಿ ರೀ. ನಿನ್ನೆ ರಾತ್ರಿನೂ ಹೇಳಿದೆ. ಇನ್ಮೇಲೆ ಗಾಡಿ ಮುಟ್ಟಲ್ಲ ಅಂತ ನನ್ನ ಕೈ ಹಿಡ್ಕೊಂಡು ಅತ್ತಿದ್ರಿ."

"ಹೌದಾ?" ಎಂದರು ಭಾವ.

ಇಬ್ಬರೂ ಸೇರಿ ಅವರನ್ನು ಎಬ್ಬಿಸಿ ಅದೇ ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ಈ ಸಲ ಅವರು ಬರುವುದಿಲ್ಲ ಎನ್ನಲಿಲ್ಲ. ಮಗುವಿನ ಹಾಗೆ ನಡುವೆ ಕೂತರು. ಸ್ವಲ್ಪ ದೂರ ಹೋದ ಮೇಲೆ, ಯಾರಿಗೆ ಹುಷಾರಿಲ್ಲ ಎಂದು ನನ್ನನ್ನು ಕೇಳಿದರು.