ಕತ್ತರಿಸಿ ತಂದ ಮಾತುಗಳು

ಕೆಂಪು ಚೆಂಡೊಂದು ಲ್ಯಾಪ್‌ಟಾಪ್ ಪರದೆಯ ಎಡದಂಚಿನಿಂದ ಹೊರಟು, ನಡುವೆ ಒಮ್ಮೆ ತಡವರಿಸಿ, ಬಲದಂಚಿಗೆ ಹೋಗಿ ನಿಂತಿತು. ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ನೋಡಿದ್ರಾ? ಓಡ್ತು ರೀ!" ಎಂದು ಭಾವನ ಕಡೆ ತಿರುಗಿದಳು. ಗಾಲಿಕುರ್ಚಿಯಲ್ಲಿ ಕೂತಿದ್ದ ಭಾವ ಚೆಂಡನ್ನೇ ನೋಡುತ್ತಿದ್ದರು. ತುಟಿಯ ಎಡ ಮೂಲೆ ಮಾತ್ರ ಒಂದಿಷ್ಟು ಮೇಲೆ ಹೋಯಿತು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಮ್ಮ ಭಾವ ಮರುಳಸಿದ್ದಯ್ಯನವರು ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಪಾಠ ಮಾಡುತ್ತಿದ್ದಾಗಲೇ ಕೈಯಲ್ಲಿದ್ದ ಸೀಮೆಸುಣ್ಣ ಜಾರಿತು, ಹಿಂದೆಯೇ ಅವರೂ ಕುಸಿದರು. ಪಾರ್ಶ್ವವಾಯು ಬಲಗೈ, ಬಲಗಾಲುಗಳ ಜೊತೆಗೆ ಮಾತನ್ನೂ ಕೊಂಡೊಯ್ದಿತ್ತು. ಎಡಗೈಗೆ ಬಳಪ ಕೊಟ್ಟರೆ ಗೀರುಗಳು ಮೂಡುತ್ತಿದ್ದವೇ ಹೊರತು ಅಕ್ಷರಗಳಲ್ಲ. ಅವರಿಗೆ ಎಷ್ಟು ಅರ್ಥವಾಗುತ್ತಿದೆ ಎಂದು ಹೇಳುವುದು ಕಷ್ಟ ಎಂದಿದ್ದರು ವೈದ್ಯರು. ಮಕ್ಕಳಿಲ್ಲದ ಅಕ್ಕ ಗಿರಿಜೆ ಒಬ್ಬಳೇ ಅವರನ್ನು ಎತ್ತಿ ಕೂರಿಸಿ ಮಲಗಿಸಿ ಸೋತುಹೋಗುತ್ತಾಳೆಂದು ನಾನು ಬಂದು ಅವರ ಮನೆಯಲ್ಲಿ ಉಳಿದೆ.

ಅಕ್ಕನಿಗೆ ಚೆಂಡು ಓಡಿಸಲು ಕಲಿಸಿದ ದಪ್ಪ ಇಂಗ್ಲಿಷ್ ಪುಸ್ತಕ ಭಾವನದ್ದೇ. ವೆಬ್ ಪುಟದ ಮೇಲೆ ಚಿತ್ರಗಳನ್ನು ಓಡಾಡಿಸುವುದು, ಒತ್ತಿದರೆ ಅವು ಪ್ರತಿಕ್ರಿಯಿಸುವಂತೆ ಮಾಡುವುದು ಹೇಗೆ ಎಂದು ಅದು ಕಲಿಸುತ್ತಿತ್ತು. ತ್ರಿಕೋನ ತಿರುಗುವುದನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆಯಿಂದ ಅವರು ಅದನ್ನು ಕೊಂಡಿದ್ದರು. ಮೂರನೆಯ ಅಧ್ಯಾಯದವರೆಗೆ ಪೆನ್ಸಿಲಿನ ಗುರುತುಗಳಿದ್ದವು, ಆಮೇಲೆ ಹಾಳೆಗಳು ಬೆಳ್ಳಗಿದ್ದವು. ಅಕ್ಕ ಆ ಪುಸ್ತಕವನ್ನು ಧೂಳು ಒರೆಸಲೆಂದು ತೆಗೆದವಳು, ಧೂಳು ಮರೆತು ನಿಂತಲ್ಲೇ ಓದತೊಡಗಿದಳು.

"ಪರದೆ ಮೇಲೆ ಬೆರಳು ಒತ್ತಿದಾಗ ಚಿತ್ರ ಅಲುಗುತ್ತಂತೆ, ದನಿಯೂ ಬರುತ್ತಂತೆ ಕಣೇ. ಇವರಿಗೆ ಒಂದು ಬೆರಳಾದರೂ ಆಡುತ್ತಲ್ಲ," ಎಂದಳು.

ಹೀಗೆ ಪಿಯುಸಿಯ ಇಂಗ್ಲಿಷನ್ನು ನಂಬಿಕೊಂಡು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಅಕ್ಕ ಒಂದು ಯಂತ್ರದ ಭಾಷೆಯನ್ನು ಕಲಿಯಲು ಕೂತಳು. ಅದರಷ್ಟು ಕರುಣೆಯಿಲ್ಲದ ಭಾಷೆಯನ್ನು ನಾನು ಕಂಡಿಲ್ಲ. ಒಂದು ಚುಕ್ಕೆ ತಪ್ಪಿದರೆ ಏನೂ ಅಲುಗುತ್ತಿರಲಿಲ್ಲ. ಏಕೆ ಅಲುಗಲಿಲ್ಲ ಎಂದೂ ಅದು ಹೇಳುತ್ತಿರಲಿಲ್ಲ. ಪುಸ್ತಕದಲ್ಲಿದ್ದುದನ್ನು ಹಾಗೆಯೇ ಇಳಿಸಿದ್ದೇನೆ ಎಂದು ಅಕ್ಕ ಅಳು ನುಂಗಿಕೊಂಡು ಹೇಳುತ್ತಿದ್ದಳು.

ಚೆಂಡು ಓಡಿದ ಮರುವಾರವೇ ಅದು ನಿಂತುಹೋಯಿತು. ಒತ್ತಿದಾಗ ದಿಕ್ಕು ಬದಲಿಸಬೇಕಾದ ಚೆಂಡು ಮೂಲೆಯಲ್ಲಿ ಬಿದ್ದುಕೊಂಡಿತ್ತು. ಅಕ್ಕ ಬೆಳಗಿನಿಂದ ತಿದ್ದಿ ತಿದ್ದಿ ದಣಿದಿದ್ದಳು. ಭಾವ ಇದ್ದಕ್ಕಿದ್ದಂತೆ ಎಡಗೈಯಿಂದ ಮೇಜನ್ನು ಬಡಿಯತೊಡಗಿದರು. ಗಂಟಲಿನಿಂದ ಏನೋ ಸದ್ದು ಹೊರಟಿತು.

"ಏನು ರೀ? ನೀರು ಬೇಕಾ? ನೋವಾ?"

ಅವರು ತಲೆ ಕೊಡವಿದರು. ಕಷ್ಟಪಟ್ಟು ಮುಂದೆ ಬಾಗಿ ಪರದೆಯ ಮೇಲಿನ ಒಂದು ಸಾಲಿಗೆ ಬೆರಳು ಒತ್ತಿದರು. ಅಕ್ಕ ಆ ಸಾಲನ್ನು ನೋಡಿದಳು, ಪುಸ್ತಕವನ್ನು ನೋಡಿದಳು. ತೆರೆದ ಆವರಣ ಚಿಹ್ನೆಯೊಂದನ್ನು ಅಲ್ಲಿ ಮುಚ್ಚಿರಲಿಲ್ಲ. ಮುಚ್ಚಿದ ಕೂಡಲೇ ಚೆಂಡು ಹೊರಟಿತು. ಅಕ್ಕ ಚೆಂಡನ್ನು ನೋಡಲಿಲ್ಲ. ಭಾವನ ಮೊಣಕಾಲಿಗೆ ಹಣೆಯೊತ್ತಿ, "ಎಲ್ಲಾ ಗೊತ್ತಾಗ್ತಿದೆ ನಿಮಗೆ. ಅಯ್ಯೋ, ಇಷ್ಟು ದಿನ ಎಲ್ಲಾ ಗೊತ್ತಾಗ್ತಿತ್ತು," ಎಂದು ಬಿಕ್ಕಿದಳು. ಅವರ ಮುಂದೆಯೇ ನಾವು ಅವರ ಬಗ್ಗೆ ಏನೇನು ಆಡಿಕೊಂಡಿದ್ದೆವೋ ನೆನೆದು ನನಗೆ ತಲೆ ಎತ್ತಲಾಗಲಿಲ್ಲ.

ಅಂದಿನಿಂದ ಅಕ್ಕನ ಕಲಿಕೆಗೆ ಆವೇಶ ಬಂದಿತು. ಮಳೆಗಾಲ ಮುಗಿಯುವ ಹೊತ್ತಿಗೆ ಭಾವನಿಗಾಗಿ ಮಾತಿನ ಪುಟವೊಂದು ಸಿದ್ಧವಾಯಿತು. ಲೋಟದ ಚಿತ್ರ ಒತ್ತಿದರೆ ಲೋಟ ಬಾಗಿ, "ನೀರು ಬೇಕು" ಎಂದು ಅಕ್ಕನ ದನಿ ಕೇಳಿಸುತ್ತಿತ್ತು. ತಟ್ಟೆ, ಹೊದಿಕೆ, ಕಿಟಕಿ, ಒಂದೊಂದಕ್ಕೂ ಒಂದು ಮಾತು. ಭಾವ ಲೋಟವನ್ನು ಒಮ್ಮೆ ಒತ್ತಿದರು, ದನಿ ಕೇಳಿಸಿಕೊಂಡರು, ಕೈ ಹಿಂದೆಗೆದರು. ಮತ್ತೆ ಮುಟ್ಟಲಿಲ್ಲ. ಬಲವಂತ ಮಾಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ನನ್ನ ದನಿಯಲ್ಲಿ ಅವರು ಹೇಗೆ ಮಾತಾಡ್ತಾರೆ?" ಎಂದು ಒಂದು ದಿನ ಅಕ್ಕ ಪಾತ್ರೆ ತೊಳೆಯುತ್ತಾ ತನಗೆ ತಾನೇ ಹೇಳಿಕೊಂಡಳು.

ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿಗಾಗಿ ಭಾವ ತಮ್ಮ ಪಾಠಗಳನ್ನು ಹಿಂದೆ ಧ್ವನಿಮುದ್ರಿಸಿ ಕೊಟ್ಟಿದ್ದರು. ಅಕ್ಕ ಆ ಹುಡುಗಿಯ ಮನೆ ಹುಡುಕಿಕೊಂಡು ಹೋಗಿ ಅವನ್ನು ತಂದಳು. ನಮ್ಮ ಮನೆಯಲ್ಲಿ ಮತ್ತೆ ಆ ತುಂಬಿದ ದನಿ ಕೇಳಿದಾಗ ಭಾವ ಗೋಡೆಯ ಕಡೆ ಮುಖ ತಿರುಗಿಸಿದರು. ರೇಖೆ, ಕೋನ, ಸಮೀಕರಣಗಳ ನಡುವೆ ಬದುಕಿಗೆ ಬೇಕಾದ ಮಾತುಗಳು ಹೆಚ್ಚೇನೂ ಇರಲಿಲ್ಲ. ನೀರು ಇರಲಿಲ್ಲ, ಹಸಿವೆ ಇರಲಿಲ್ಲ, ಅಕ್ಕನ ಹೆಸರೂ ಇರಲಿಲ್ಲ. "ಹೌದು" ಇತ್ತು, "ಇಲ್ಲ" ಇತ್ತು, "ಮತ್ತೊಂದ್ಸಲ" ಇತ್ತು. ಒಂದು ಪಾಠದ ಕೊನೆಯಲ್ಲಿ, "ಇವತ್ತಿಗೆ ಇಷ್ಟು ಸಾಕು" ಎಂದಿದ್ದರು. ಅಕ್ಕ ಅದರಿಂದ ಒಂದೇ ಮಾತನ್ನು ಕತ್ತರಿಸಿಕೊಂಡಳು. "ಹೌದು" ಎಂದಾಗ ಒಂದು ಮುಖ ತಲೆದೂಗುವಂತೆ, "ಸಾಕು" ಎಂದಾಗ ಒಂದು ಅಂಗೈ ಮೇಲೇಳುವಂತೆ ಚಿತ್ರ ಬರೆದಳು.

ಹೊಸ ಪುಟವನ್ನು ಎದುರಿಗಿಟ್ಟು, "ಇದು ನಿಮ್ಮದೇ ದನಿ. ಮಾತಾಡ್ತೀರಾ?" ಎಂದು ಕೇಳಿದಳು.

ಭಾವ ಬಹಳ ಹೊತ್ತು ನೋಡಿದರು. ಬೆರಳು ಚಾಚಿದರು. "ಹೌದು" ಎಂದಿತು ಅವರ ದನಿ. ಅಕ್ಕ ನನ್ನನ್ನು ತಬ್ಬಿಕೊಂಡು ಮಗುವಿನ ಹಾಗೆ ಕುಣಿದಳು.

ಆ ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಊಟ ಬಡಿಸಿದರೆ "ಸಾಕು." ಕಾಲು ಮಡಿಸಿ ವ್ಯಾಯಾಮ ಮಾಡಿಸಲು ಹೋದರೆ "ಸಾಕು." ಮೊದಮೊದಲು ಅಕ್ಕ ಅದನ್ನು ಬೇಸರವೆಂದುಕೊಂಡಳು. ಯಾರೂ ಏನೂ ಕೇಳದೆ ಸುಮ್ಮನೆ ಕೂತಿದ್ದಾಗಲೂ, ನೇರ ಅವಳ ಮುಖವನ್ನೇ ನೋಡುತ್ತಾ ಭಾವ ಅಂಗೈಯ ಚಿತ್ರವನ್ನು ಒತ್ತತೊಡಗಿದಾಗ ಅವಳು ಅಡುಗೆಮನೆಗೆ ಎದ್ದು ಹೋದಳು. ನಾನು ಹಿಂದೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅಕ್ಕ ಬರಿಯ ಉರಿಯನ್ನು ನೋಡುತ್ತಾ ನಿಂತಿದ್ದಳು.

ಚಳಿಗಾಲದಲ್ಲಿ ಪಾರ್ಶ್ವವಾಯುವಿನ ಎರಡನೆಯ ಹೊಡೆತ ಬಿತ್ತು. ನುಂಗುವ ಶಕ್ತಿ ಹೋಯಿತು. ಹೊಟ್ಟೆಗೆ ನಳಿಕೆ ಹಾಕಿ ಆಹಾರ ಕೊಡಬಹುದು, ಹಾಗೆ ಕೆಲವು ವರ್ಷ ಇರಲೂಬಹುದು ಎಂದರು ಆಸ್ಪತ್ರೆಯ ವೈದ್ಯೆ. ಅಕ್ಕ ಮನೆಯಿಂದ ಲ್ಯಾಪ್‌ಟಾಪನ್ನು ತರಿಸಿ ಹಾಸಿಗೆಯ ಪಕ್ಕದಲ್ಲಿಟ್ಟಳು. ತಾಯಿಯಿಲ್ಲದ ಭಾವನನ್ನು ಚಿಕ್ಕಂದಿನಲ್ಲಿ ಸಾಕಿದ ಅವರ ಅಕ್ಕ ಚೆನ್ನಾಜಮ್ಮನೂ ಹಳ್ಳಿಯಿಂದ ಬಂದಿದ್ದರು.

ವೈದ್ಯೆ ಮೊದಲು, "ಇವರು ನಿಮ್ಮ ಹೆಂಡತೀನಾ?" ಎಂದು ಅಕ್ಕನನ್ನು ತೋರಿಸಿದರು. "ಹೌದು." ನನ್ನನ್ನು ತೋರಿಸಿ ಅದನ್ನೇ ಕೇಳಿದಾಗ, "ಇಲ್ಲ." ಆಮೇಲೆ ನಳಿಕೆಯ ವಿಷಯವನ್ನು ನಿಧಾನವಾಗಿ ಬಿಡಿಸಿ ಹೇಳಿದರು. "ಹಾಕೋಣವಾ ಮೇಷ್ಟ್ರೇ?"

ಅಂಗೈ ಮೇಲೆದ್ದಿತು. "ಸಾಕು."

ಚೆನ್ನಾಜಮ್ಮ ಅಕ್ಕನ ರಟ್ಟೆ ಹಿಡಿದರು. "ಇದು ಅವನ ಮಾತಲ್ಲ ಗಿರಿಜಾ. ಯಾವತ್ತೋ ಪಾಠ ಮುಗಿಸೋವಾಗ ಮಕ್ಕಳಿಗೆ ಹೇಳಿದ್ದು. ನೀನು ಕತ್ತರಿಸ್ಕೊಂಡು ಬಂದು ಅವನ ಬಾಯಿಗಿಟ್ಟಿದೀಯ. ನಾನು ಎತ್ತಿ ಆಡಿಸಿದ ಕೂಸು ಅವನು. ಉಪವಾಸ ಕೆಡವಿ ಕೊಲ್ತೀಯಾ?"

ಚೆನ್ನಾಜಮ್ಮ ಆಚೆ ಹೋದ ಮೇಲೆ, ಅಕ್ಕ ಹಾಸಿಗೆಯ ಪಕ್ಕದಲ್ಲಿ ಕೂತು, ಅಂಗೈಗಾಗಿ ತಾನು ಬರೆದ ಸಾಲುಗಳನ್ನು ತೆರೆದು ಒಂದೊಂದಾಗಿ ಅಳಿಸಿದಳು. ಪುಟವನ್ನು ಮತ್ತೆ ತೆರೆದಾಗ ಅಂಗೈ ಇರಲಿಲ್ಲ.

"ಇನ್ನೊಂದ್ಸಲ ಹೇಳಿ ರೀ. ನಳಿಕೆ ಹಾಕಿಸೋಣವಾ?"

ಭಾವನ ಬೆರಳು ಅಂಗೈ ಇದ್ದ ಜಾಗಕ್ಕೇ ಹೋಯಿತು. ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಅಲ್ಲೇ ಪಕ್ಕದಲ್ಲಿ "ಇಲ್ಲ" ಇತ್ತು. ಅದನ್ನು ಅವರು ಮುಟ್ಟಲಿಲ್ಲ. ಖಾಲಿ ಜಾಗದ ಮೇಲೆ ಬೆರಳನ್ನು ಹಾಗೆಯೇ ಇಟ್ಟುಕೊಂಡು ಅಕ್ಕನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅದು ಬಾಗಿಲು ಹಾಕಿಕೊಂಡು ಹೋದವರನ್ನು ಕಿಟಕಿಯಿಂದ ನೋಡುವ ನೋಟವಾಗಿತ್ತು.

ಅಕ್ಕ ಪುಸ್ತಕ ನೋಡದೆ, ಎಲ್ಲೂ ತಪ್ಪದೆ, ಅಳಿಸಿದ ಸಾಲುಗಳನ್ನೆಲ್ಲ ಮತ್ತೆ ಬರೆದಳು. ಅಂಗೈ ಮೂಡಿತು. ಭಾವ ಒಂದೇ ಸಲ ಒತ್ತಿದರು. ಅಕ್ಕ ಎದ್ದು ಹೋಗಿ ವೈದ್ಯೆಗೆ, "ಬೇಡ ಅಂತಿದ್ದಾರೆ. ಮನೆಗೆ ಕರ್ಕೊಂಡು ಹೋಗ್ತೀವಿ," ಎಂದಳು. ಚೆನ್ನಾಜಮ್ಮ ನಮ್ಮ ಜೊತೆ ಬರಲಿಲ್ಲ.

ಭಾವ ಮನೆಯಲ್ಲೇ, ಒಂದು ಬೆಳಗಿನ ಹೊತ್ತು, ಅಕ್ಕ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಾಗ ಹೋದರು. ಮಣ್ಣು ಮಾಡಿ ಬಂದ ಸಂಜೆ ಅವಳು ನನ್ನನ್ನು ಕೇಳಿದಳು: "ಅವರ ಮನಸ್ಸಿನಲ್ಲಿದ್ದದ್ದು ಆ ಮಾತೇನಾ? ಇಲ್ಲ, ನಾನಿಟ್ಟ ನಾಲ್ಕು ಮಾತಿನಲ್ಲಿ ಹತ್ತಿರದ್ದು ಅದೊಂದೇ ಅಂತ ಒತ್ತಿದ್ರಾ? 'ಭಯ ಆಗ್ತಿದೆ' ಅಂತ ಒಂದು ಇಟ್ಟಿದ್ದಿದ್ರೆ ಅದನ್ನ ಒತ್ತುತ್ತಿದ್ರೇನೋ. 'ಕೈ ಹಿಡ್ಕೋ' ಅಂತ ಇಟ್ಟಿದ್ದಿದ್ರೆ?" ಆಮೇಲೂ ಅವಳು ಅದನ್ನು ಕೇಳುತ್ತಲೇ ಇದ್ದಳು, ಮಾತು ಬದಲಿಸಿ ಬದಲಿಸಿ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಚೆನ್ನಾಜಮ್ಮ ನಡುಮನೆಯಲ್ಲೇ ನಿಂತುಕೊಂಡರು. ಅಕ್ಕನ ಮುಖ ನೋಡದೆ, "ಅದನ್ನ ಒಂದ್ಸಲ ಹಾಕ್ತೀಯಾ ತಾಯಿ? ಅವನ ದನಿ," ಎಂದರು.

ಅಕ್ಕ ಪುಟವನ್ನು ತೆರೆದು, ತಲೆದೂಗುವ ಮುಖ ಎಲ್ಲಿದೆ ಎಂದು ತೋರಿಸಿ, ಕುರ್ಚಿ ಎಳೆದುಕೊಟ್ಟಳು. ಮುದುಕಿ ಸೆರಗಿನಿಂದ ಬೆರಳು ಒರೆಸಿಕೊಂಡು ಪರದೆಯ ಹತ್ತಿರ ಬಾಗಿದರು.

"ಸಿದ್ದೂ, ಊಟ ಆಯ್ತೇನಪ್ಪಾ?" ಎಂದು ಕೇಳಿದರು. ಒಂದು ಕ್ಷಣ ಕಾದು, ತಾವೇ ಬೆರಳಿಟ್ಟು ಒತ್ತಿದರು.

"ಹೌದು" ಎಂದಿತು ಭಾವನ ದನಿ.