ನಾಲ್ಕನೇ ಪೆಟ್ಟಿಗೆಯ ಹಾರ

ಹಾಸನದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನೆಲ ಒರೆಸುವುದು, ಹೊದಿಕೆ ಮಡಿಸುವುದು, ಶುಕ್ರವಾರ ಯಂತ್ರಗಳ ಪೂಜೆಗೆ ಅಣಿಮಾಡುವುದು ನನ್ನ ಕೆಲಸ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಶಾಖೆಗಳಲ್ಲಿ ತೆಗೆದ ಸ್ಕ್ಯಾನುಗಳೂ ಇಲ್ಲಿನ ಸರ್ವರ್ ರೂಮಿಗೇ ಬಂದು ಸೇರುತ್ತವೆ. ಅಲ್ಲಿ ಮೂರು ಕಪ್ಪು ಪೆಟ್ಟಿಗೆಗಳಿದ್ದವು. ಜಾಗ ಸಾಲದೆ ಆ ಶುಕ್ರವಾರ ಬೆಳಿಗ್ಗೆ ನಾಲ್ಕನೆಯದು ಬಂತು.

ಅವತ್ತೇ ನನ್ನ ದೊಡ್ಡಮ್ಮ ಬೆಳ್ಳಮ್ಮನೂ ಕೊರವಂಗಲದಿಂದ ಬಂದಿದ್ದಳು. ನನ್ನನ್ನು ಸಾಕಿದವಳು ಅವಳೇ. ಲಿವರಿನಲ್ಲಿ ಒಂದು ಗಂಟು. ಮೈಸೂರಿನಿಂದ ವಾರಕ್ಕೊಮ್ಮೆ ಬರುವ ಡಾಕ್ಟರು ಹೊಸ ಸ್ಕ್ಯಾನ್ ನೋಡಿ, "ಹೋದ ವರ್ಷ ಇಲ್ಲೇ ತೆಗೆದದ್ದೂ ಬೇಕಲ್ಲ. ಗಂಟು ಅಷ್ಟೇ ಇದ್ದರೆ ಮುಟ್ಟೋದು ಬೇಡ. ಬೆಳೆದಿದ್ದರೆ ಆಪರೇಷನ್. ಹಳೇ ಸ್ಕ್ಯಾನ್ ಸಿಗದಿದ್ದರೆ ಸೂಜಿ ಹಾಕಿ ಗಂಟಿನ ಚೂರು ತೆಗೀಬೇಕಾಗುತ್ತೆ," ಅಂದರು. ನಾಲ್ಕು ಗಂಟೆಗೆ ಅವರು ಹೊರಡುತ್ತಾರೆ.

"ಹಳೇ ಫಿಲ್ಮ್ ಎಲ್ಲಿ ದೊಡ್ಡವ್ವ?" ಅಂದೆ.

"ದೀಪಾವಳಿಲಿ ಸೂರ್ಯಗ್ರಾಣ ನೋಡಕ್ಕೆ ಐಕ್ಳು ಕತ್ತರಿಸ್ಕಂಡ್ವು ಕಣವ್ವ. ಕಪ್ಪಗಿತ್ತಲ್ಲ ಅಂತ ನಾನೇ ಕೊಟ್ಟೆ."

ಇನ್ನು ಅದು ಇದ್ದರೆ ಪೆಟ್ಟಿಗೆಗಳಲ್ಲೇ ಇರಬೇಕು. ಆದರೆ ಹನ್ನೊಂದು ಗಂಟೆಯಿಂದ ಹಳೆಯ ಸ್ಕ್ಯಾನ್ ಒಂದೂ ತೆರೆಯುತ್ತಿರಲಿಲ್ಲ. ಪೆಟ್ಟಿಗೆ ಜೋಡಿಸಲು ಬಂದಿದ್ದ ದಿಲೀಪ್, ಸೆಂಟರಿನ ಮಾಲೀಕರಾದ ಮಂಜುನಾಥ ಸಾಹೇಬರಿಗೆ ವಿವರಿಸುತ್ತಿದ್ದರು. ನಾನು ಒರೆಸುವ ಕೋಲು ಹಿಡಿದು ಬಾಗಿಲಲ್ಲೇ ನಿಂತೆ.

"ಒಂದು ಸ್ಕ್ಯಾನು ಒಂದೇ ಕಡೆ ಇರಲ್ಲ ಸಾ. ಚೂರು ಚೂರಾಗಿ ಹಂಚಿರ್ತದೆ. ಒಂದೊಂದು ಚೂರೂ ಎರಡೆರಡು ಪೆಟ್ಟಿಗೇಲಿ. ಒಂದು ಕೆಟ್ಟರೂ ಇನ್ನೊಂದರಲ್ಲಿ ಸಿಗಲಿ ಅಂತ. ಈಗ ಹೊಸದಕ್ಕೂ ಹಂಚ್ತಾ ಅವೆ."

"ಹಂಚ್ಲಿ. ತೆರಿಯಕ್ಕೇನು ರೋಗ?"

"ಹೊಸದು ಗಳಿಗೆಗೊಂದ್ಸಲ ತಾನೇ ಆಫ್ ಆಯ್ತದೆ. ಆಫ್ ಆದ್ರೆ ಮಿಕ್ಕ ಮೂರೂ ಅದರಲ್ಲಿದ್ದದ್ದಕ್ಕೆ ಬೇರೆ ಪ್ರತಿ ಮಾಡಕ್ಕೆ ಹೊರಡ್ತವೆ. ಅಷ್ಟರಲ್ಲಿ ಅದು ಬತ್ತದೆ, ಮತ್ತೆ ಹಂಚಕ್ಕೆ ಶುರು. ಕೇಳಿದ್ದು ಕೊಡಕ್ಕೆ ಅವಕ್ಕೆ ಪುರುಸೊತ್ತೇ ಇಲ್ಲ."

"ಹೊಸ ಸೊಸೆ ದಿನಕ್ಕೆ ನಾಕ್ಸಲ ತವರಿಗೆ ಓಡ್ದಂಗಾಯ್ತು ಬುಡು."

ದೊಡ್ಡಮ್ಮನ ಲಿವರು ಚೂರು ಚೂರಾಗಿ ಈ ನಾಲ್ಕರಲ್ಲೂ ಇದೆಯೇ? ಒಂದೊಂದು ಚೂರೂ ಎರಡು ಸಲ ಇದ್ದರೆ ಗಂಟೂ ಎರಡಾಯಿತೇ? ಎಲ್ಲ ಪೆಟ್ಟಿಗೆಯಲ್ಲೂ ಇರುವುದು ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ ಎಂದರೆ ಹೇಗೆ?

ಇನ್ನೊಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಸಾಹೇಬರು ತಾವೇ ನಾಲ್ಕು ಪೆಟ್ಟಿಗೆಗೂ ಹಾರ ಹಾಕಿದ್ದರು. ಹೊಸದಕ್ಕೆ ಒತ್ತಾಗಿ ಕಟ್ಟಿದ ಚೆಂಡು ಹೂವಿನ ದಪ್ಪ ಹಾರ. ಅವರು ಹೋದ ಮೇಲೆ ನಾನು ಹೊಸದರ ಮುಂದೆ ಕೈಮುಗಿದು, ದೊಡ್ಡಮ್ಮನಿಗೆ ಏನೂ ಆಗದಿದ್ದರೆ ಒಂದು ಹೂ ಕೊಡು ಎಂದು ಬೇಡಿದ್ದೆ. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಹೂ ಬಿತ್ತು. ಅದನ್ನು ಕಣ್ಣಿಗೊತ್ತಿಕೊಂಡು ಹೋಗಿ ದೊಡ್ಡಮ್ಮನ ತುರುಬಿಗೆ ಸಿಕ್ಕಿಸಿದ್ದೆ.

ಆಮೇಲೆ ನೋಡುತ್ತಲೇ ಇದ್ದೆ. ಹಳೆಯ ಮೂರಕ್ಕೂ ಮುಂದಕ್ಕೆ ಚಾಚಿದ ಮುಚ್ಚಳವಿದೆ, ಹಾರ ಅದರ ಆಚೆ ತೂಗುತ್ತದೆ. ಹೊಸದರ ಮುಖ ಬರೀ ಜಾಲರಿ. ಒಳಗಿನಿಂದ ಯಾರೋ ಎಳೆದಂತೆ ಹಾರ ಜಾಲರಿಗೆ ಅಂಟಿಕೊಂಡಿತ್ತು. ಪೆಟ್ಟಿಗೆ ಆಫ್ ಆದಾಗ ಸಡಿಲವಾಗುತ್ತಿತ್ತು. ಆಗ ಒಂದೊಂದು ಹೂ ಉದುರುತ್ತಿತ್ತು. ನನಗೆ ಬಿದ್ದ ಹೂವೂ ಹಾಗೇ ಬಿದ್ದದ್ದೋ, ದೇವರು ಕೊಟ್ಟದ್ದೋ? ಸಾಹೇಬರು ಹಾಕಿದ ಹಾರವನ್ನು, ಅದೂ ಅಪ್ಪಣೆ ಆದ ಹಾರವನ್ನು, ನಾನು ತೆಗೆಯುವುದೇ?

ಮೂರೂಕಾಲಿಗೆ ದಿಲೀಪ್ ಕಂಪನಿಯವರ ಜೊತೆ ಮಾತಾಡಿ ಫೋನ್ ಇಟ್ಟು, "ವಾಪಸ್ ಕಳಿಸಾಣ ಸಾ, ಪೀಸೇ ಸರಿಯಿಲ್ಲ. ಎಲ್ಲ ಹಳೇ ಮೂರಕ್ಕೇ ಕುಂತ್ಕಳಕ್ಕೆ ನಾಳೆ ಆಯ್ತದೆ," ಅಂದರು.

ನಾಳೆ ಡಾಕ್ಟರು ಇರುವುದಿಲ್ಲ. ನಾನು ಒಳಗೆ ಹೋಗಿ ಹಾರ ಎತ್ತಿದೆ. ಬೆರಳಿಗೆ ತಾಗಿದ ತಗಡು ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು.

"ಏಯ್, ಪೂಜೆ ಮಾಡಿರೋದು ಕಣಮ್ಮ ಅದು," ಅಂದರು ಸಾಹೇಬರು.

"ಅಂಟ್ಕತದೆ ಸಾ," ಅಂದೆ. ಹಾರವನ್ನು ಜಾಲರಿಯ ಹತ್ತಿರ ಹಿಡಿದು ತೋರಿಸಿದೆ. "ಹಾರ ಅಂಟ್ಕತದೆ. ಆಫ್ ಆದಾಗ ಬಿಡ್ತದೆ."

ದಿಲೀಪ್ ಜಾಲರಿಯ ಮುಂದೆ ಅಂಗೈ ಹಿಡಿದರು. "ಗಾಳಿ ಎಳಿಯೋ ಬಾಯಿಗೇ ಹಾಕ್ಬುಟ್ಟವ್ರೆ. ಕಾಯ್ದು ಕಾಯ್ದು ಆಫ್ ಆಗ್ತಾ ಇತ್ತು. ಯಾರು ಸಾ ಹಾಕಿದ್ದು?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಮೊದ್ಲು ಸರಿ ಮಾಡಪ್ಪ," ಅಂದರು.

ಪೆಟ್ಟಿಗೆ ಮತ್ತೆ ಆಫ್ ಆಗಲಿಲ್ಲ. ಹಂಚುವುದನ್ನು ದಿಲೀಪ್ ನಿಧಾನ ಮಾಡಿದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೋದ ವರ್ಷದ ಸ್ಕ್ಯಾನ್ ತೆರೆಯಿತು. ಬ್ಯಾಗ್ ಹೆಗಲಿಗೇರಿಸಿದ್ದ ಡಾಕ್ಟರು ನಿಂತೇ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದರು, ಇನ್ನೊಮ್ಮೆ ಅಳೆದರು. "ಅಷ್ಟೇ ಇದೆ. ಆರು ತಿಂಗಳು ಬಿಟ್ಟು ಬನ್ನಿ."

ಬಸ್ ಸ್ಟ್ಯಾಂಡಿಗೆ ನಡೆಯುವಾಗ ದೊಡ್ಡಮ್ಮ ಕೇಳಿದಳು, "ಎಲ್ಲಿತ್ತಂತೆ ಅದು?"

"ನಾಕು ಕಡೆನೂ ಇತ್ತಂತೆ."

"ಒಂದೇ ಕಡೆ ಮಡಗಿದ್ರೆ ಬಿರ್ನೆ ಸಿಕ್ತಿರ್ನಿಲ್ವಾ?"

"ನೀನು ಆ ಫಿಲ್ಮ್ ಒಂದೇ ಕಡೆ ಮಡಗಿದ್ದೆ," ಅಂದೆ.

ಅವಳು ನಕ್ಕಳು. ತುರುಬಿನಲ್ಲಿ ಆ ಚೆಂಡು ಹೂ ಇನ್ನೂ ಇತ್ತು. ಅದು ಹೇಗೆ ಬಿತ್ತೆಂದು ಅವಳಿಗೆ ಹೇಳಬೇಕೆನಿಸಿತು. ಆದರೆ ಹೇಗೆ ಬಿತ್ತೆಂದು ನನಗೇ ಗೊತ್ತಿರಲಿಲ್ಲ. ಜಾರುತ್ತಿದ್ದ ಹೂವನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿದೆ.