ಹೊಸದಾಗಿ ರಚಿಸು

ಸೊನ್ನೆ. ಫಾರೂಕ ಇನ್ನೊಮ್ಮೆ ಕೇಳಿದ. ಯಂತ್ರ ಇನ್ನೊಮ್ಮೆ ಅದನ್ನೇ ಹೇಳಿತು: ದಾಖಲೆಗಳು, ಸೊನ್ನೆ.

ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ, ಲೋಟದ ಚಹಾ ಆರುವ ಮೊದಲೇ, ಅವನು ಖಬರಸ್ತಾನದ ಇಡೀ ದಫ್ತರವನ್ನು ಅಳಿಸಿಬಿಟ್ಟಿದ್ದ. ಸಾವಿರದ ಮುನ್ನೂರು ಹೆಸರು. ಯಾರು ಯಾವ ಸಾಲಿನಲ್ಲಿ, ಎಷ್ಟನೆಯವರಾಗಿ ಮಲಗಿದ್ದಾರೆ ಎಂಬುದೆಲ್ಲ ಅದರಲ್ಲಿತ್ತು.

ಮಾಡಬೇಕಾಗಿದ್ದ ಕೆಲಸ ಹುಲ್ಲುಕಡ್ಡಿಯಷ್ಟು. ಸಂಬಂಧಿಕರ ಫೋನ್ ನಂಬರಿಗೆ ಒಂದು ಹೊಸ ಕಾಲಂ ಬೇಕೆಂದು ಕಮಿಟಿಯವರು ಕೇಳಿದ್ದರು. ಬದಲಿಸಿದ ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡುವಾಗ ಎರಡು ಆಯ್ಕೆ. ‘ಅಪ್‌ಡೇಟ್’ ಎಂದರೆ ಇದ್ದದ್ದು ಇದ್ದಂತೆಯೇ ಇದ್ದು, ಹೊಸ ಕಾಲಂ ಪಕ್ಕದಲ್ಲಿ ಬಂದು ಕೂರುತ್ತದೆ. ‘ಕ್ರಿಯೇಟ್’ ಎಂದರೆ ಹಳೆಯದನ್ನು ಬುಡಸಮೇತ ಕಿತ್ತು ಖಾಲಿ ಕೋಷ್ಟಕ ಕಟ್ಟುತ್ತದೆ. ಕಲ್ಪಿತ ಹೆಸರುಗಳ ಮೇಲೆ ಪ್ರಯೋಗ ಮಾಡುವಾಗ ಅವನು ಯಾವಾಗಲೂ ಕ್ರಿಯೇಟ್ ಇಡುತ್ತಿದ್ದ. ಇವತ್ತು ಅದನ್ನು ಬದಲಿಸಲು ಮರೆತು, ನಿಜವಾದ ಹೆಸರುಗಳ ಮೇಲೆಯೇ ಗುಂಡಿ ಒತ್ತಿದ್ದ.

ದಿನವೂ ನಕಲು ಉಳಿಯುತ್ತದೆ ಎಂದು ಕಮಿಟಿಗೆ ಹೇಳಿದ್ದ. ಹೇಳಿದ್ದ, ಅಷ್ಟೆ.

ಇನ್ನು ಮೂಲ ವಹಿಗಳು. ಖಬರಸ್ತಾನ ನೋಡಿಕೊಳ್ಳುವ ಕಾಸಿಮಸಾಬರು ಎರಡು ವರ್ಷ ಕೂತು, ಒಂದೇ ಬೆರಳಿನಿಂದ ಅವನ್ನೆಲ್ಲ ಕಂಪ್ಯೂಟರಿಗೆ ಒತ್ತಿದ್ದರು. ಮುಗಿದ ದಿನ, “ಇನ್ನ ಈ ವಹಿ ಯಾಕ್ರಿ ಚಾಚಾ, ಗೆದ್ದಲ ಸಾಕಾಕ?” ಎಂದು ನಕ್ಕವನು ಫಾರೂಕನೇ. ಪ್ರತಿ ಪುಟದ ತಲೆಯಲ್ಲಿ ದೇವರ ಹೆಸರಿತ್ತು. ಅಂಥ ಕಾಗದವನ್ನು ರದ್ದಿಗೆ ಹಾಕುವಂತಿಲ್ಲ, ನೀರಿಗೆ ಬಿಟ್ಟು ಥಂಡಾ ಮಾಡಬೇಕು. ಹೋದ ತಿಂಗಳು ಕಾಸಿಮಸಾಬರು ವಹಿಗಳಿಗೆ ಕಲ್ಲು ಕಟ್ಟಿ ಹಳೇ ಬಾವಿಗೆ ಇಳಿಬಿಟ್ಟರು. ಫಾರೂಕ ಫೋಟೋ ತೆಗೆದ.

ಫೋನು ಬಡಿದುಕೊಂಡಿತು. ಕಾಸಿಮಸಾಬರೇ.

“ಸುಳ್ಳ ಅನ್ನೋ ಹಳ್ಳಿಯಿಂದ ಅಬೀದಾ ಅಂತ ಒಬ್ಬಾಕಿ ಬಂದಾಳಪಾ. ಕೊರೋನಾದಾಗ ಗಂಡ ಇಲ್ಲೇ ದವಾಖಾನ್ಯಾಗ ತೀರಿಕೊಂಡ. ಆವಾಗ ಮಣ್ಣಿಗೂ ಬರಗೊಡಲಿಲ್ಲ. ಈಗ ಮೊದಲನೇ ಸಲ ಬಂದಾಳ. ನನ್ನ ಫೋನಿನ್ಯಾಗ ಏನೂ ಬರವಲ್ದು.”

“ಸರ್ವರ್ ಬಂದ್ ಐತ್ರಿ.”

“ಅಂದ್ರ?”

“ನಾ ಬರತೇನಿ.”

ಸ್ಕೂಟರಿನ ಮೇಲೆ ವಾಕ್ಯ ಜೋಡಿಸಿದ. ‘ನಾನು ಅಳಿಸಿದೆ’ ಎಂದು ಹೊರಟದ್ದು ಪ್ರತಿ ಸಿಗ್ನಲ್ಲಿನಲ್ಲೂ ‘ಅಳಿಸಿಹೋಗಿದೆ’ ಎಂದಾಗುತ್ತಿತ್ತು.

ಕೊರೋನಾದ ಸಾಲಿನಲ್ಲಿ ನಲವತ್ತೆರಡು ಮಣ್ಣಿನ ದಿಬ್ಬಗಳು. ಕಲ್ಲಿಲ್ಲ, ಹೆಸರಿಲ್ಲ. ಕಿಟ್ ತೊಟ್ಟವರು ಇಳಿಸಿ, ಸಂಖ್ಯೆ ಬರೆದ ಒಂದೊಂದು ಚೀಟಿ ಕಾಸಿಮಸಾಬರಿಗೆ ಕೊಟ್ಟು ಹೋಗಿದ್ದರು; ಆ ಚೀಟಿಗಳೂ ವಹಿಗಳೊಂದಿಗೆ ಬಾವಿ ಸೇರಿದ್ದವು. ಆ ದಿಬ್ಬಗಳಲ್ಲೊಂದು ಫಾರೂಕನ ಅಪ್ಪ ಅಹಮದಸಾಬನದು. ಫಾರೂಕನೂ ಆಗ ಅದೇ ಜ್ವರದಲ್ಲಿ ಮಲಗಿದ್ದ. ಆಮೇಲೆ ಇಷ್ಟು ದಿನವೂ ಅಪ್ಪನ ಸಂಖ್ಯೆ ಅವನ ಯಂತ್ರದಲ್ಲೇ ಇತ್ತು. ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಒಂದು ದಿನವೂ ತೆಗೆದು ನೋಡಿರಲಿಲ್ಲ.

ಅಬೀದಾ ಕೋಲೂರಿ ನಿಂತಿದ್ದಳು. ಕೈಯಲ್ಲಿ ನೀರಿನ ತಂಬಿಗೆ, ಗುಲಾಬಿಯ ಪೊಟ್ಟಣ.

“ನಿನಗ ಎಲ್ಲಾರ ಜಾಗಾನೂ ಗೊತ್ತೈತಂತಲ್ಲಪಾ,” ಎಂದಳು.

“ಬಾಯಿಲೇ ಹೇಳಿಬಿಡು ಮಗಾ, ಎಷ್ಟನೇದು?” ಕಾಸಿಮಸಾಬರಿಗೆ ನಮಾಜಿನ ಅವಸರವಿತ್ತು.

ಫಾರೂಕ ಬಾಯಿ ತೆರೆದ. “ಹದಿನೇಳು,” ಎಂದಿತು ಬಾಯಿ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಕಾಸಿಮಸಾಬರು ಅವನ ಬೆನ್ನು ತಟ್ಟಿ ಮಸೀದಿಯ ಕಡೆ ನಡೆದರು.

ಅಬೀದಾ ಕೋಲಿನ ತುದಿಯಿಂದ ಗಟ್ಟಿಯಾಗಿ ಎಣಿಸುತ್ತ ಹೋದಳು. ಹದಿನೇಳನೆಯದರ ಬಳಿ ಕುಸಿದು ಕೂತಳು.

“ಸಿಟ್ಟಾಗಬ್ಯಾಡ್ರಿ,” ಮಣ್ಣಿಗೆ ಹೇಳಿದಳು. “ಕಾಲು ಮುರಕೊಂಡು ಬಿದ್ದಿದ್ನಿ. ಯಾರೂ ಕರಕೊಂಡು ಬರಲಿಲ್ಲ. ಇವತ್ತ ನಾನ ಬಸ್ ಹತ್ತಿ ಬಂದೇನಿ.”

ಫಾರೂಕನಿಗೆ ನಾಚಿಕೆಯಾಯಿತು. ಹೇಳಿಬಿಡಬೇಕು. ಅವಳು ನೀರು ಹಾಕಲಿ, ಆಮೇಲೆ. ಹೂ ಹಾಕಲಿ, ಆಮೇಲೆ. ಅವಳು ಒದ್ದೆ ಮಣ್ಣನ್ನು ಮಗುವಿನ ಬೆನ್ನಿನಂತೆ ಸವರತೊಡಗಿದಳು.

“ನಿಮ್ಮವರು ಯಾರರೆ ಅದಾರೇನಪಾ ಇಲ್ಲೆ?”

“ನಮ್ಮಪ್ಪ ಅದಾನ್ರಿ.”

“ಯಾವುದು?”

“ಆ ಕಡೆ,” ಎಂದ. ಯಾವ ಕಡೆಯೂ ನೋಡಲಿಲ್ಲ.

ಗೇಟು ಕಿರುಗುಟ್ಟಿತು. ಕಮರಿಪೇಟೆಯ ಮೆಕ್ಯಾನಿಕ್ ರಿಯಾಜ, ಆಗ ಕಿಟ್ ತೊಟ್ಟು ಹೆಣ ಇಳಿಸಿದವರಲ್ಲೊಬ್ಬ. ತನ್ನ ತಮ್ಮನನ್ನೂ ಈ ಸಾಲಿನಲ್ಲಿ ತಾನೇ ಇಳಿಸಿದ್ದ. ಕೈಯಲ್ಲಿ ಹೂವು ಹಿಡಿದು, ಒಂದನ್ನೂ ಎಣಿಸದೆ, ನೆಟ್ಟಗೆ ಹದಿನೇಳನೆಯದಕ್ಕೆ ಬಂದ. ಬಂದವನು ನಿಂತುಬಿಟ್ಟ.

ಅಬೀದಾ ತಲೆ ಎತ್ತಿದಳು. ಮುಖ ಅರಳಿತು.

“ಬಾರಪಾ, ಕುಂಡ್ರು. ನಮ್ಮವರ ಗುರ್ತ ಇತ್ತೇನು ನಿನಗ?”

ರಿಯಾಜ ಫಾರೂಕನನ್ನು ನೋಡಿದ. ಫಾರೂಕ ತಲೆ ತಗ್ಗಿಸಿದ. ರಿಯಾಜ ಮುದುಕಿಯ ಕೆಸರು ಮೆತ್ತಿದ ಕೈಗಳನ್ನು ಸ್ವಲ್ಪ ಹೊತ್ತು ನೋಡಿದ.

“ಇತ್ತು ಅಮ್ಮಾ,” ಎಂದ. ಚಪ್ಪಲಿ ಬಿಟ್ಟು ಅವಳೆದುರು ಕೂತ.

“ಭಾಳ ಛಲೋ ಮನಿಷಾ ಇದ್ರು,” ಎಂದಳು ಅಬೀದಾ.

“ಹೌದ್ರಿ.”

ಒಂದೇ ದಿಬ್ಬದ ಎರಡೂ ಬದಿಗೆ ಇಬ್ಬರೂ ಪ್ರಾರ್ಥನೆಗೆ ಅಂಗೈ ಎತ್ತಿದರು. ಉಳಿದ ನಲವತ್ತೊಂದು ಬಿಸಿಲಿನಲ್ಲಿ ಒಣಗಿ ಬಿದ್ದಿದ್ದವು. ಫಾರೂಕನೂ ಕೈ ಎತ್ತಿದ. ಯಾವುದಕ್ಕೆ ಮುಖ ಮಾಡಬೇಕೆಂದು ತಿಳಿಯದೆ, ಎತ್ತಿದ ಕೈ ಎತ್ತಿಕೊಂಡೇ, ಸಾಲಿನ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗತೊಡಗಿದ.